ಅತ್ತಿಗೆ ಸಾಕಿದ ಹುಳಗಳು

ನಮ್ಮ ಬೀದಿಯವರು ಮೊಟ್ಟೆ ತಿನ್ನುತ್ತಾರೆ, ಕೋಳಿಯನ್ನೂ ತಿನ್ನುತ್ತಾರೆ. ಆದರೆ ಆ ಕೋಳಿ ಏನು ತಿನ್ನುತ್ತದೆ ಎಂದು ಹೇಳಿದರೆ ಮಾತ್ರ ಅವರಿಗೆ ಹೊಟ್ಟೆ ತೊಳೆಸುತ್ತದೆ. ಕೋಳಿಯೇನು ಮೇಜಿನ ಮುಂದೆ ಕೂತು ಬೆಣ್ಣೆ ಬ್ರೆಡ್ಡು ತಿಂದು ಬೆಳೆಯುತ್ತದೆಯೇ? ಮಣ್ಣು ಕೆದರಿ ಹುಳ ಹೆಕ್ಕುವುದಕ್ಕೆಂದೇ ಅದಕ್ಕೆ ಆ ಕಾಲು, ಆ ಕೊಕ್ಕು. ಇಷ್ಟು ತಿಳಿಯಲು ಕಾಲೇಜು ಬೇಕಾಗಿಲ್ಲ, ಎರಡು ಕಣ್ಣು ಸಾಕು. ಆ ಎರಡು ಕಣ್ಣನ್ನೂ ಮುಚ್ಚಿಕೊಂಡು, ಮೂಗಿಗೆ ಕರವಸ್ತ್ರ ಒತ್ತಿಕೊಂಡು ನಮ್ಮ ಅತ್ತಿಗೆಗೆ ಶುಚಿತ್ವದ ಪಾಠ ಹೇಳಲು ಬಂದವರನ್ನು ನೆನೆಸಿಕೊಂಡರೆ ನನಗೆ ಈಗಲೂ ಮೈ ಉರಿಯುತ್ತದೆ.

ಅತ್ತಿಗೆ ನನ್ನ ಅಣ್ಣನ ಹೆಂಡತಿ. ಮದುವೆಗೆ ಮುಂಚೆ ಅವರು ಒಂದು ಬೇಕರಿಯಲ್ಲಿ ಬ್ರೆಡ್ಡು ಕತ್ತರಿಸಿ ಪೊಟ್ಟಣ ಕಟ್ಟುವ ಕೆಲಸದಲ್ಲಿದ್ದರು. ಅಲ್ಲಿ ದಿನಾ ಸಂಜೆ ಅಂಚು ಸುಟ್ಟದ್ದು, ಸೊಟ್ಟಗೆ ಉಬ್ಬಿದ್ದು, ಹಿಂದಿನ ದಿನ ಉಳಿದದ್ದು ಎಲ್ಲವನ್ನೂ ತೊಟ್ಟಿಗೆ ಸುರಿಯುತ್ತಿದ್ದರಂತೆ. ಇವರು ಅದನ್ನೆಲ್ಲ ಚೀಲಕ್ಕೆ ತುಂಬಿಕೊಂಡು ಬಂದು ಮನೆಯ ಹಿಂದೆ ಕೋಳಿ ಸಾಕಿದರು. ಮದುವೆಯಾಗಿ ನಮ್ಮ ಮನೆಗೆ ಬಂದ ದಿನ ಒಂದು ಕೈಯಲ್ಲಿ ಬಟ್ಟೆಯ ಪೆಟ್ಟಿಗೆ, ಇನ್ನೊಂದು ಕೈಯಲ್ಲಿ ತೂತು ಮಾಡಿದ ಬಿಸ್ಕತ್ತಿನ ಡಬ್ಬ. ಡಬ್ಬದೊಳಗಿಂದ ಕೊಕ್ಕೊಕ್ಕೋ ಎಂದು ದನಿ ಬಂದಾಗ ಅಣ್ಣನ ಮುಖ ನೋಡಬೇಕಿತ್ತು.

ಅಣ್ಣ ದರ್ಜಿ. ಅವನಿಗೆ ಶುಚಿತ್ವದ ಹುಚ್ಚು. ಹೊಲಿಗೆ ಯಂತ್ರದ ಮೇಲೆ ಧೂಳು ಕೂರುವ ಮೊದಲೇ ಒರೆಸುತ್ತಾನೆ. ನೆಲದಲ್ಲಿ ದಾರದ ತುಂಡು ಕಂಡರೆ ಊಟ ಬಿಟ್ಟು ಎದ್ದು ಹೋಗಿ ಹೆಕ್ಕುತ್ತಾನೆ. ಮನೆಯಲ್ಲಿ ತೊಡುವ ಬನಿಯನ್ನಿಗೂ ಇಸ್ತ್ರಿ ಹಾಕುವವನು. ಅಂಥವನ ಮನೆಗೆ ಕೋಳಿ ಬಂತು. ಎಣ್ಣೆ ಸೀಗೆಕಾಯಿ ಸಂಬಂಧ ಅಂತಾರಲ್ಲ, ಹಾಗೆ. ಆದರೂ ಸಂಸಾರ ಚೆನ್ನಾಗಿಯೇ ನಡೆಯಿತು. ಹಿತ್ತಿಲು ಅತ್ತಿಗೆಯದು, ಮುಂದಿನ ಕೋಣೆ ಅಣ್ಣನದು. ಎರಡರ ನಡುವೆ ಒಂದು ಬಾಗಿಲು, ಬಾಗಿಲಲ್ಲಿ ಕಾಲೊರೆಸುವ ಗೋಣಿ. ಅದರ ಮೇಲೆ ಕಾಲೊರೆಸದೆ ಮುಂದೆ ಬಂದರೆ ಹೆಂಡತಿಯಾದರೂ ಅಣ್ಣ ಬಿಡುತ್ತಿರಲಿಲ್ಲ.

ಕೋಳಿ ಹೆಚ್ಚಿದವು, ಮೊಟ್ಟೆ ಹೆಚ್ಚಿತು. ಬೀದಿಯ ಅರ್ಧ ಮನೆಗಳು ಅತ್ತಿಗೆಯ ಹತ್ತಿರವೇ ಮೊಟ್ಟೆ ಕೊಳ್ಳುತ್ತಿದ್ದವು. ಬೇಕರಿ ಬಿಟ್ಟ ಮೇಲೆ ಸುಟ್ಟ ಬ್ರೆಡ್ಡು ಎಲ್ಲಿಂದ ತರುವುದು? ಅಂಗಡಿಯ ಮೇವು ತರಿಸಬೇಕಾಯಿತು. ತಂದುಕೊಡುತ್ತಿದ್ದವನು ನಾನೇ. ನನ್ನದು ಸಾಮಾನು ಸಾಗಿಸುವ ಗಾಡಿ. ಮುಂಜಾನೆ ಮಾರುಕಟ್ಟೆಯಿಂದ ತರಕಾರಿ, ಆಮೇಲೆ ಯಾರು ಕರೆದರೆ ಅವರ ಮಾಲು.

ಆ ಮೇವಿನ ಮೂಟೆಯ ವಿಷಯ ಹೇಳಲೇಬೇಕು. ಅದರೊಳಗೆ ಏನಿದೆ ಎಂದು ಒಂದು ದಿನ ಅಂಗಡಿಯವನನ್ನು ಕೇಳಿದೆ. ಮೀನಿನ ಪುಡಿ, ಸೋಯಾ ಹಿಂಡಿ ಅಂದ. ಎಲ್ಲಿಯದು? ಮೀನು ಯಾವುದೋ ಸಮುದ್ರದ್ದು. ಬೆರಳುದ್ದದ ಮರಿಗಳನ್ನೂ ಬಿಡದೆ ಬಾಚಿ, ಒಣಗಿಸಿ, ಪುಡಿ ಮಾಡಿ ಕಳಿಸುತ್ತಾರೆ. ಸೋಯಾ ಯಾವುದೋ ದೇಶದ್ದು, ಕಾಡು ಕಡಿದು ಬೆಳೆದದ್ದು, ಹಡಗಿನಲ್ಲಿ ಬರುತ್ತದೆ. ನನ್ನ ತಲೆ ಕೆಟ್ಟುಹೋಯಿತು. ಸಮುದ್ರ ಬರಿದು ಮಾಡಿ, ಕಾಡು ಬೋಳಿಸಿ, ಹಡಗು ಲಾರಿ ಹತ್ತಿಸಿ, ಕೊನೆಗೆ ನನ್ನ ಗಾಡಿಯಲ್ಲಿ ತಂದು, ನಮ್ಮ ಹಿತ್ತಿಲ ಕೋಳಿಯ ಮುಂದೆ ಸುರಿಯಬೇಕು! ಅದೇ ಹೊತ್ತಿಗೆ ಎರಡು ಬೀದಿಯಾಚೆ ಮಾರುಕಟ್ಟೆಯಲ್ಲಿ ಕೋಸಿನ ಎಲೆ, ಕೊಳೆತ ಟೊಮೆಟೊ, ಒಡೆದ ಕುಂಬಳಕಾಯಿ ರಾಶಿ ರಾಶಿ ಬಿದ್ದು ನಾರುತ್ತಿರುತ್ತದೆ. ಅದನ್ನು ಇನ್ನೊಂದು ಲಾರಿಯಲ್ಲಿ ತುಂಬಿಕೊಂಡು ಹೋಗಿ ಊರಾಚೆಯ ಗುಂಡಿಯಲ್ಲಿ ಸುಡುತ್ತಾರೆ. ಇದಕ್ಕೆ ವ್ಯವಸ್ಥೆ ಎಂದು ಹೆಸರು!

ಮೇವಿನ ಬೆಲೆ ಏರುತ್ತಲೇ ಹೋಯಿತು. ಕೋಳಿ ಕೂಗಿದರೆ ಬೆಳಗಾಗುತ್ತದೆ, ಮೂಟೆ ಬಿಚ್ಚಿದರೆ ಕತ್ತಲಾಗುತ್ತದೆ ಎಂದು ಅತ್ತಿಗೆ ನಗುತ್ತಿದ್ದರು. ನಗು ಬಾಯಲ್ಲಿತ್ತು, ಕಣ್ಣಲ್ಲಿರಲಿಲ್ಲ.

ದಾರಿ ತೋರಿಸಿದ್ದು ಕೋಳಿಗಳೇ. ಹಿತ್ತಿಲ ಮೂಲೆಯಲ್ಲಿ ಗಿಡಕ್ಕೆ ಗೊಬ್ಬರವಾಗಲಿ ಎಂದು ಅತ್ತಿಗೆ ಒಂದು ಡ್ರಮ್ಮಿನಲ್ಲಿ ಹಣ್ಣಿನ ಸಿಪ್ಪೆ ಹಾಕಿಟ್ಟಿದ್ದರು. ಒಂದು ಬೆಳಿಗ್ಗೆ ಕೋಳಿಗಳೆಲ್ಲ ಸೇರಿ ಅದನ್ನು ಉರುಳಿಸಿಬಿಟ್ಟಿದ್ದವು. ಪಕ್ಕದಲ್ಲಿ ಅಂಗಡಿಯ ಮೇವು ತಟ್ಟೆ ತುಂಬ ಇತ್ತು. ಅತ್ತ ಒಂದೂ ತಿರುಗಿ ನೋಡಿರಲಿಲ್ಲ. ಡ್ರಮ್ಮಿನಿಂದ ಚೆಲ್ಲಿದ ದಪ್ಪ ದಪ್ಪ ಬಿಳಿಹುಳಗಳಿಗೆ ಮುಗಿಬಿದ್ದಿದ್ದವು.

"ನೋಡಪ್ಪಾ ಡ್ರೈವರ್, ನೀನು ಹೊತ್ತು ತಂದಿದ್ದು ಬೇಡವಂತೆ. ಮನೇಲೇ ಹುಟ್ಟಿದ್ದು ಬೇಕಂತೆ," ಎಂದರು ಅತ್ತಿಗೆ.

"ಕೋಳಿ ಕೇಳಿ ಮಸಾಲೆ ಅರೀತಾರಾ ಅತ್ತಿಗೆ?"

"ಮಸಾಲೆಗೆ ಕೇಳಬಾರದು. ಮೇವಿಗೆ ಕೇಳಬೇಕು ಕಣೋ."

ಅವು ಕರಿನೊಣದ ಮರಿಗಳು. ಊಟದ ತಟ್ಟೆಯ ಮೇಲೆ ಕೂರುವ ದರಿದ್ರ ನೊಣ ಬೇರೆ, ಇದು ಬೇರೆ. ಉದ್ದಕ್ಕೆ ಕಣಜದ ಹುಳದ ಹಾಗಿರುತ್ತದೆ, ಕಚ್ಚುವುದಿಲ್ಲ, ಅಡುಗೆಮನೆಗೆ ಬರುವುದಿಲ್ಲ. ರೆಕ್ಕೆ ಬಂದ ಮೇಲೆ ಊಟದ ಗೊಡವೆಯೇ ಇಲ್ಲ. ಕೂಡುತ್ತದೆ, ಮೊಟ್ಟೆಯಿಡುತ್ತದೆ, ಕೆಲವೇ ದಿನಗಳಲ್ಲಿ ಸಾಯುತ್ತದೆ. ತಿನ್ನುವ ಕೆಲಸವೆಲ್ಲ ಮರಿಯದು. ಕೊಳೆತ ಕುಂಬಳಕಾಯಿ ಸಂಜೆ ಹಾಕಿದರೆ ಬೆಳಿಗ್ಗೆಗೆ ಸಿಪ್ಪೆ ಕಾಗದದಷ್ಟು ತೆಳ್ಳಗಾಗಿರುತ್ತದೆ.

ಅತ್ತಿಗೆ ಇದನ್ನು ಒಂದೇ ದಿನಕ್ಕೆ ಕಲಿಯಲಿಲ್ಲ. ಹುಳಗಳನ್ನು ಅಗಲವಾದ ಟ್ರೇಗಳಿಗೆ ಹಾಕಿ, ಮೊದಲು ಬರೀ ಟೊಮೆಟೊ ಸುರಿದರು. ನೀರಾಗಿ, ಹುಳಿಯಾಗಿ, ಹುಳಗಳೆಲ್ಲ ಟ್ರೇ ಬಿಟ್ಟು ಓಡಿದವು. ಆಮೇಲೆ ತೌಡು, ಒಣ ಎಲೆ ಬೆರೆಸುವುದು ಗೊತ್ತಾಯಿತು. ಟ್ರೇ ಒದ್ದೆಯಾಗದಿದ್ದರೆ ನಾರುವುದಿಲ್ಲ. ಒಮ್ಮೆ ಹುಳ ಬೇಕಾದಷ್ಟಿದೆ ಎಂದು ಕೋಳಿಗೆ ಬರೀ ಹುಳವನ್ನೇ ಹಾಕಿದರು. ಕೋಳಿಗಳು ಕೊಬ್ಬಿ, ಮೊಟ್ಟೆ ಇಡುವುದು ಬಿಟ್ಟು ಶ್ರೀಮಂತರ ಮನೆಯ ಸೋದರಳಿಯಂದಿರ ಹಾಗೆ ನೆರಳಲ್ಲಿ ಕೂತುಬಿಟ್ಟವು. ಅಂದಿನಿಂದ ನುಚ್ಚು, ಸೊಪ್ಪು, ಜೊತೆಗೆ ಅಳತೆಯ ಹುಳ. ತೊಟ್ಟಿಯ ನೀರಿನ ಮೇಲೆ ಹಸಿರಾಗಿ ತೇಲುವ ಅಜೋಲಾ ಸೊಪ್ಪನ್ನೂ ಕೋಳಿಗೆಂದು ಬೆಳೆಸಿದರು. ಅಂಗಡಿಯ ಮೂಟೆ ನಿಂತಿತು.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಒಂದು ಸಂಗತಿ. ಬಲಿತ ಹುಳ ಕಪ್ಪಗಾಗಿ, ಒಣ ಜಾಗ ಹುಡುಕಿಕೊಂಡು ತಾನೇ ಹೊರಡುತ್ತದೆ. ಅತ್ತಿಗೆ ಟ್ರೇಗೆ ಒಂದು ಇಳಿಜಾರು ಹಲಗೆ ಇಟ್ಟಿದ್ದರು. ಹುಳ ಅದನ್ನು ಹತ್ತಿ ಆಚೆ ಕೆಳಗಿನ ಬಕೆಟ್ಟಿಗೆ ತಾನಾಗಿ ಬೀಳುತ್ತದೆ. ಒಂದಷ್ಟು ಕೋಳಿಗೆ, ಒಂದಷ್ಟು ನೊಣವಾಗಲು ಬಲೆಯ ಗೂಡಿಗೆ. ಆ ಗೂಡನ್ನು ಹೊಲಿದುಕೊಟ್ಟವನು ಅಣ್ಣ. ಸೊಳ್ಳೆಪರದೆಯ ಬಟ್ಟೆ, ಮೂಲೆ ಮೂಲೆಗೆ ಎರಡೆರಡು ಹೊಲಿಗೆ, ಕೈ ಹಾಕಲು ಅಂಗಿತೋಳಿನಂಥ ಬಾಯಿ. ಹೊಲಿದುಕೊಟ್ಟ, ಆದರೆ ಒಂದು ಷರತ್ತು ಹಾಕಿದ.

"ಹಿಂದೆ ಇಟ್ಕೋ. ತಗಡು ಮರೆ ಮಾಡು. ಯಾರಿಗೂ ಹೇಳ್ಬೇಡ. ಬಟ್ಟೆ ಹೊಲಿಸೋಕೆ ಬರೋರು ಏನಂದುಕೊಂಡಾರು?"

"ನಾವೇನು ಕಳ್ಳಮಾಲು ಇಟ್ಟಿದೀವೇನ್ರೀ?"

"ಮರ್ಯಾದೆ ಅಂತ ಒಂದಿರುತ್ತಲ್ಲೇ!"

ಅಣ್ಣ ಟ್ರೇ ಇರುವ ಕಡೆ ಕಾಲಿಡುತ್ತಿರಲಿಲ್ಲ. ಹುಳ ಎಂಬ ಮಾತು ಬಂದರೇ ಅಂಗೈಯನ್ನು ಪಂಚೆಗೆ ಒರೆಸಿಕೊಳ್ಳುತ್ತಿದ್ದ. ಅತ್ತಿಗೆ ಅವನ ಮಾತು ಕೇಳಿ ಮರೆ ಮಾಡಿದರು. ಮಾರುಕಟ್ಟೆಯ ಕಸ ದಿನಾ ನನ್ನ ಗಾಡಿಯಲ್ಲಿ ಬರುತ್ತಿತ್ತು, ಬೀದಿಯ ಮನೆಗಳ ತರಕಾರಿ ಸಿಪ್ಪೆಯನ್ನೂ ಅತ್ತಿಗೆ ಬಕೆಟ್ಟು ಹಿಡಿದು ಹೋಗಿ ತರುತ್ತಿದ್ದರು. ಗೊಬ್ಬರಕ್ಕೆ ಅಂದರೆ ಎಲ್ಲರೂ ಸಂತೋಷದಿಂದ ಕೊಡುತ್ತಿದ್ದರು. ಬೀದಿ ಮೂಲೆಯ ಕಸದ ರಾಶಿ ಕರಗಿತು. ಅದು ಯಾಕೆ ಕರಗಿತು ಎಂದು ಒಬ್ಬನೂ ಕೇಳಲಿಲ್ಲ. ಕಸ ಹೋದರೆ ಯಾರು ಕೇಳುತ್ತಾರೆ?

ಹಾಗಿದ್ದಾಗ ಎದುರು ಮನೆಯ ಟೀಚರ್ ಒಂದು ದಿನ ಮೊಟ್ಟೆಯ ಬುಟ್ಟಿ ವಾಪಸ್ ಕೊಡಲು ಹಿಂಬಾಗಿಲಿಂದ ಬಂದರು. ತಗಡು ಗಾಳಿಗೆ ಜರುಗಿತ್ತು.

"ಅಯ್ಯಯ್ಯೋ! ಏನ್ರೀ ಇದು? ಅನ್ನ ಕುದಿಯೋ ಹಾಗೆ ಕುದೀತಿದೆಯಲ್ರೀ!"

"ಹುಳ. ಕೋಳಿಗೆ," ಎಂದರು ಅತ್ತಿಗೆ.

"ನಾವು ತಿನ್ನೋ ಮೊಟ್ಟೆಯ ಕೋಳಿಗಾ?"

"ಅದಕ್ಕೇ. ಇಂಥ ಮೊಟ್ಟೆ ಎಲ್ಲೂ ಸಿಗಲ್ಲ ಅಂತ ಮೊನ್ನೆ ಹೇಳಿದ್ರಲ್ಲ ಟೀಚರ್, ಅದು ಇದನ್ನ ತಿಂದೇ ಇಟ್ಟಿದ್ದು."

ಟೀಚರ್ ಬುಟ್ಟಿಯನ್ನು ಅಲ್ಲೇ ಬಿಟ್ಟು ಓಡಿದರು. ಸಂಜೆಯೊಳಗೆ ಬೀದಿಗೆಲ್ಲ ಸುದ್ದಿ. ಮರುದಿನದಿಂದ ಮೊಟ್ಟೆಗಳ ಮೆರವಣಿಗೆ ಹಿಂದಕ್ಕೆ ಬಂತು. ಒಬ್ಬ ಮಹಾನುಭಾವ ಬೇಯಿಸಿದ ಮೊಟ್ಟೆಯನ್ನೂ ವಾಪಸ್ ತಂದ. ಅತ್ತಿಗೆ ಅವನ ಎದುರಲ್ಲೇ ಅದನ್ನು ಬಾಗಿಲ ಚೌಕಟ್ಟಿಗೆ ಕುಟ್ಟಿ, ಸುಲಿದು, ಎರಡು ತುತ್ತಿಗೆ ತಿಂದರು. "ಉಪ್ಪು ಕಮ್ಮಿ," ಎಂದರು. ನಾನು ಅಲ್ಲೇ ಇದ್ದೆ. ನನ್ನ ಕೈಯಲ್ಲಿದ್ದರೆ ಅವನಿಗೇ ತಿನ್ನಿಸುತ್ತಿದ್ದೆ, ಸಿಪ್ಪೆ ಸಮೇತ.

ನಿವಾಸಿಗಳ ಸಂಘ ಸಭೆ ಸೇರಿತು. ಸಂಘದ ಅಧ್ಯಕ್ಷರು ಒಬ್ಬರಿದ್ದಾರೆ. ಕೆಲಸದಿಂದ ನಿವೃತ್ತರಾದವರು, ಅಧಿಕಾರದಿಂದ ನಿವೃತ್ತರಾಗಲಾರದವರು. ಮೂಗಿನ ಮೇಲೆ ಸದಾ ಕರವಸ್ತ್ರ. ತಮ್ಮ ಮನೆಯ ಕಸವನ್ನು ಕವರಿನಲ್ಲಿ ಕಟ್ಟಿ, ಬೆಳಗಿನ ವಾಕಿಂಗ್ ನೆಪದಲ್ಲಿ ಬೇರೆ ಬೀದಿಯ ಮೂಲೆಗೆ ಎಸೆದು ಬರುವ ಮನುಷ್ಯ. ಅವರ ಹಿಂದೆಯೇ ಗಾಡಿ ಓಡಿಸಿಕೊಂಡು ಹೋಗಿ ನೋಡಿದವನು ನಾನು.

"ಇದು ಮರ್ಯಾದಸ್ಥರು ವಾಸಿಸೋ ಬೀದಿ. ಹುಳ ಸಾಕೋ ಜಾಗ ಅಲ್ಲ," ಎಂದರು ಅಧ್ಯಕ್ಷರು.

ನಾನು ಎದ್ದು ನಿಂತೆ. "ಸಾರ್, ಕಸದ ಕವರ್ ಬಿಸಾಕಿ ಬರೋಕೆ ಮಾತ್ರ ಪಕ್ಕದ ಬೀದಿ ಬೇಕೇನು? ಅಲ್ಲಿ ಮರ್ಯಾದಸ್ಥರಿಲ್ವಾ?"

ಗಲಾಟೆಯಾಯಿತು. ಅತ್ತಿಗೆ ನನ್ನ ಅಂಗಿ ಹಿಡಿದು ಎಳೆದು ಕೂರಿಸಿದರು. "ನಿನ್ನ ಬಾಯಿಗೊಂದು ಬ್ರೇಕ್ ಹಾಕಿಸ್ಕೋ ಮಾರಾಯ," ಎಂದು ಗದರಿ, ಸಭೆಗೆ ಹೇಳಿದರು: "ನೀವ್ಯಾರೂ ಸರಿಯಾಗಿ ನೋಡೇ ಇಲ್ಲ. ಭಾನುವಾರ ಬನ್ನಿ. ನಿಂತು ನೋಡಿ, ಮೂಸಿ ನೋಡಿ. ಗಲೀಜು ಅನ್ನಿಸಿದ್ರೆ ನಾನೇ ತೆಗೀತೀನಿ."

ಒಪ್ಪಿದರು. ಆದರೆ ಆ ಮಾತಿನ ಭಾರ ನಮಗೆ ಗೊತ್ತಿತ್ತು. ಹುಳ ಹೋದರೆ ಮತ್ತೆ ಅಂಗಡಿಯ ಮೂಟೆ. ಆ ಬೆಲೆಗೆ ಮೂಟೆ ತಂದು ಮೊಟ್ಟೆ ಮಾರುವುದಕ್ಕಿಂತ ಕೋಳಿಗಳನ್ನೇ ಮಾರಿ ಕೂರುವುದು ವಾಸಿ. ಬಿಸ್ಕತ್ತಿನ ಡಬ್ಬದಲ್ಲಿ ತಂದ ಕೋಳಿಗಳ ವಂಶ ಅದು. ಆ ಹಿತ್ತಿಲೊಂದೇ ಅತ್ತಿಗೆಗೆ ತಮ್ಮದು ಅಂತ ಇದ್ದದ್ದು.

ಭಾನುವಾರ ಮುಂಜಾನೆ ಅತ್ತಿಗೆ ನನ್ನ ಜೊತೆ ಮಾರುಕಟ್ಟೆಗೆ ಬಂದರು. ನೋಡಲು ಬರುವವರ ಎದುರಲ್ಲೇ ಹುಳಕ್ಕೆ ಹಾಕಿ ತೋರಿಸಬೇಕು, ಒಳ್ಳೆಯ ಕುಂಬಳಕಾಯಿ ಆರಿಸಬೇಕು ಎಂದರು. ಕೊಳೆತದ್ದರಲ್ಲೂ ಒಳ್ಳೆಯದನ್ನು ಆರಿಸುವ ಹೆಂಗಸು! ಗಾಡಿಯಲ್ಲಿ ಕೂತು ದಾರಿಯುದ್ದಕ್ಕೂ ಏನು ಹೇಳಬೇಕು ಎಂದು ಬಾಯಿಪಾಠ ಮಾಡುತ್ತ ಬಂದರು.

ಬೀದಿಯ ತಿರುವಿಗೆ ಬರುವಾಗಲೇ ನನ್ನ ಮೂಗಿಗೆ ಹೊಡೆಯಿತು. ಫಿನೈಲ್.

ಹಿತ್ತಿಲಿಗೆ ಹೋಗಿ ನೋಡುತ್ತೇವೆ, ಅಣ್ಣ ಪೈಜಾಮ ಮಡಚಿ, ಕೈಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡು, ಪೊರಕೆ ಹಿಡಿದು ನಿಂತಿದ್ದಾನೆ. ನೆಲ ಫಳಫಳ. ತಗಡು ಫಳಫಳ. ಮುಖದಲ್ಲಿ ಬಹುಮಾನ ಬಂದ ಹುಡುಗನ ನಗು.

"ಏನ್ರೀ ಮಾಡಿದ್ರಿ?"

"ಜನ ಬರ್ತಾರಲ್ಲೇ. ತೊಳೆದೆ. ನೋಡು, ಒಂಚೂರಾದ್ರೂ ವಾಸನೆ ಇದೆಯಾ?"

"ಟ್ರೇಗೂ ಹಾಕಿದ್ರಾ?"

"ಟ್ರೇಗೇ ಮೊದಲು ಹಾಕಿದ್ದು. ಇಡೀ ಬಾಟ್ಲಿ!"

ಬಲೆಯ ಗೂಡು? ಅದನ್ನು ಕೊಡವಿ, ಸೋಪಿನಲ್ಲಿ ಒಗೆದು, ಹಿಂಡಿ, ಹಗ್ಗಕ್ಕೆ ಹಾಕಿದ್ದ. ನೊಣಗಳೆಲ್ಲ ಹಾರಿಹೋಗಿದ್ದವು. ಒಣಗಿದ ಮೇಲೆ ಇಸ್ತ್ರಿ ಹಾಕಲು ಪೆಟ್ಟಿಗೆ ಕಾಯಲು ಇಟ್ಟಿದ್ದ. ಹೇಳುತ್ತಿರುವುದು ಸುಳ್ಳಲ್ಲ. ನೊಣದ ಗೂಡಿಗೆ ಇಸ್ತ್ರಿ!

ಅತ್ತಿಗೆ ಮೊದಲು ಓಡಿಹೋಗಿ ಕೋಳಿಗೂಡಿನ ಚಿಲಕ ಹಾಕಿದರು. ವಿಷ ಕುಡಿದ ಹುಳವನ್ನು ಕೋಳಿ ತಿಂದರೆ ಅದೂ ಹೋದಂತೆಯೇ. ಆಮೇಲೆ ಟ್ರೇಯ ಹತ್ತಿರ ಕುಕ್ಕರುಗಾಲಲ್ಲಿ ಕೂತು ಬೆರಳಿನಿಂದ ಕೆದಕಿದರು. ಯಾವುದೂ ಅಲುಗಲಿಲ್ಲ. ಇನ್ನೊಂದು ಟ್ರೇ. ಅದರಲ್ಲೂ ಇಲ್ಲ.

ನಾನು ಅಣ್ಣನಿಗೆ ಬಾಯಿಗೆ ಬಂದದ್ದೆಲ್ಲ ಅಂದೆ. "ಮದುವೆ ಮನೆ ಅಂದುಕೊಂಡ್ಯೇನೋ? ಹಸು ನೋಡೋಕೆ ಬರ್ತಾರೆ ಅಂತ ಹಸುಗೆ ಫಿನೈಲ್ ಕುಡಿಸ್ತೀಯೇನೋ?" ಬಕೆಟ್ಟನ್ನು ಒದ್ದೆ. ಅದು ಕಬ್ಬಿಣದ್ದು, ಹೆಬ್ಬೆರಳು ಊದಿಕೊಂಡಿತು. ಅದರಿಂದ ಸಿಟ್ಟು ಇನ್ನೂ ಏರಿತು. ಅಣ್ಣ ಪೊರಕೆಯನ್ನು ಎದೆಗೆ ಅವುಚಿಕೊಂಡು ನಿಂತಿದ್ದ. "ನಿಮ್ಮತ್ತಿಗೆ ಮಾನ ಹೋಗಬಾರದು ಅಂತ ಕಣೋ... ಮನೆಗೆ ಜನ ಬಂದಾಗ ತೊಳೀಬೇಕಲ್ವೇನೋ," ಎಂದು ತೊದಲಿದ. ಅವನಿಗೆ ಗೊತ್ತಿದ್ದದ್ದು ಅದೊಂದೇ. ಯಾರಾದರೂ ಬಂದರೆ ತೊಳೆಯಬೇಕು.

ಅಷ್ಟರಲ್ಲಿ ಅವರು ಬಂದೇಬಿಟ್ಟರು. ಮುಂದೆ ಅಧ್ಯಕ್ಷರು, ಹಿಂದೆ ಟೀಚರ್, ಅವರ ಹಿಂದೆ ಸಂಘದ ನಾಲ್ಕಾರು ಜನ. ಅಧ್ಯಕ್ಷರು ಹಿತ್ತಿಲ ಬಾಗಿಲಲ್ಲಿ ನಿಂತು ಒಮ್ಮೆ ಹಗುರಾಗಿ ಮೂಸಿದರು. ಇನ್ನೊಮ್ಮೆ ಮೂಸಿದರು. ಆಮೇಲೆ, ನನ್ನ ಕಣ್ಣಾರೆ ನೋಡಿದೆ, ಕರವಸ್ತ್ರವನ್ನು ಮಡಚಿ ಜೇಬಿಗಿಟ್ಟರು.

"ಆಹಾ. ಆಸ್ಪತ್ರೆ ಇದ್ದ ಹಾಗಿದೆ!"

ಟೀಚರ್ ಇಣುಕಿ ನೋಡಿದರು. "ಅವತ್ತು ಹೇಗೆ ಕುದೀತಿತ್ತು! ಇವತ್ತು ಎಷ್ಟು ಸಭ್ಯವಾಗಿವೆ ನೋಡಿ."

ಎಲ್ಲರೂ ತಲೆಯಾಡಿಸಿದರು. ಅಧ್ಯಕ್ಷರು ಗಂಟಲು ಸರಿಮಾಡಿಕೊಂಡರು. "ನಾವೇನು ಕಟುಕರಲ್ಲಮ್ಮ. ಶುಚಿಯಾಗಿಟ್ಕೊಂಡ್ರೆ ಯಾರದ್ದೂ ತಕರಾರಿಲ್ಲ. ಒಂದೇ ಷರತ್ತು. ಪ್ರತಿ ವಾರ ಹೀಗೇ ಫಿನೈಲ್ ಹಾಕಿ ತೊಳೀಬೇಕು. ನಾನೇ ಬಂದು ನೋಡ್ತೀನಿ."

ಅಣ್ಣನ ಮುಖ ಅರಳಿತು. ಹೆಂಡತಿಯ ಕಡೆ ನೋಡಿ 'ಹೂಂ ಅನ್ನು, ಹೂಂ ಅನ್ನು' ಎಂದು ಕಣ್ಣಲ್ಲೇ ಹೇಳುತ್ತಿದ್ದ. ನನಗೂ ಒಂದು ಕ್ಷಣ ಹಾಗೇ ಅನ್ನಿಸಿತು. ಸುಮ್ಮನೆ ಹೂಂ ಅಂದುಬಿಟ್ಟರೆ ಅನುಮತಿ ಸಿಕ್ಕಂತಾಯಿತು, ಆಮೇಲೆ ನೋಡಿಕೊಂಡರಾಯಿತು. ಆದರೆ ಪ್ರತಿ ವಾರ ಮೂಸಲು ಬರುವ ಮನುಷ್ಯನ ಎದುರು ಬದುಕಿದ ಹುಳವನ್ನು ಎಲ್ಲಿ ಬಚ್ಚಿಡುವುದು?

ಅತ್ತಿಗೆ ಎದ್ದು ನಿಂತರು. ಕೈಯಲ್ಲಿ ಒಂದು ಹಿಡಿ ಹುಳ.

"ಸಾರ್, ಇವು ಸಭ್ಯವಾಗಿಲ್ಲ. ಸತ್ತಿವೆ."

ಹಿಡಿ ಬಿಚ್ಚಿ ಹುಳಗಳನ್ನು ಟ್ರೇಗೆ ಸುರಿದರು.

"ನಮ್ಮನೆಯವರು ನಿಮಗೆ ಹೆದರಿ ತೊಳೆದ್ರು, ಎಲ್ಲಾ ಸತ್ತವು. ನಿನ್ನೆ ಸಾಯಂಕಾಲ ಬಂದಿದ್ರೆ ಒಂದು ಟೊಮೆಟೊ ಕಣ್ಣೆದುರೇ ಕರಗೋದು ತೋರಿಸ್ತಿದ್ದೆ. ನೀವು ಒಪ್ಪಿಕೊಂಡಿದ್ದು ಹುಳಾನ ಅಲ್ಲ, ಫಿನೈಲನ್ನ. ಸತ್ತಿದ್ದಕ್ಕೆ ಕೊಟ್ಟ ಅನುಮತಿ ಇಟ್ಕೊಂಡು ನಾನೇನು ಮಾಡ್ಲಿ?"

"ಅಂದ್ರೆ... ಕೊಟ್ಟರೂ ಬೇಡ ಅಂತೀಯೇನಮ್ಮಾ?"

"ಬದುಕಿರೋದಕ್ಕೆ ಕೊಡಿ, ತಗೋತೀನಿ."

ಅಧ್ಯಕ್ಷರ ಮುಖ ಕೆಂಪಾಯಿತು. ಜೇಬಿನಿಂದ ಕರವಸ್ತ್ರ ಮತ್ತೆ ಹೊರಬಂತು. ಮುಂದಿನ ತಿಂಗಳ ಕೊನೆಗೆ ಮತ್ತೆ ಬಂದು ನೋಡುವುದಾಗಿ, ಹಿತ್ತಿಲಲ್ಲಿ ಒಂದು ಹುಳ ಕಂಡರೂ ತಾವೇ ನಿಂತು ತೆಗೆಸುವುದಾಗಿ ಹೇಳಿ ಹೊರಟರು. ಹೋಗುವಾಗ ಕಾಲೊರೆಸುವ ಗೋಣಿಯ ಮೇಲೆ ಬೂಟನ್ನು ಚೆನ್ನಾಗಿ ಒರೆಸಿದರು. ಬರುವಾಗ ಒರೆಸಿರಲಿಲ್ಲ.

ಸತ್ತ ಹುಳಗಳನ್ನು ಗುಂಡಿ ತೋಡಿ ಹೂತೆವು. ನುಚ್ಚು, ಸೊಪ್ಪಿನಲ್ಲಿ ಕೋಳಿಗಳು ಹೇಗೋ ಇದ್ದವು, ಮೊಟ್ಟೆ ಕಡಿಮೆಯಾಯಿತು. ನಾನು ಮಾರುಕಟ್ಟೆಯಿಂದ ಖಾಲಿ ಗಾಡಿ ತರತೊಡಗಿದೆ. ಕಸ ಮತ್ತೆ ಲಾರಿ ಹತ್ತಿ ಊರಾಚೆಯ ಗುಂಡಿಗೆ ಹೋಗಿ ಉರಿಯತೊಡಗಿತು. ಗಾಳಿ ಬೀಸಿದಾಗ ಅದರ ಹೊಗೆ ನಮ್ಮ ಬೀದಿಗೇ ಬರುತ್ತದೆ. ಮೂಲೆಯಲ್ಲಿ ರಾಶಿ ಬೆಳೆಯಿತು, ಊಟದ ತಟ್ಟೆಗೆ ಬರುವ ಅಸಲಿ ದರಿದ್ರ ನೊಣಗಳು ಬಂದವು. ಅದಕ್ಕೆ ಸಂಘ ಸಭೆ ಸೇರಲಿಲ್ಲ. ಕಿಟಕಿ ಮುಚ್ಚಿಕೊಂಡರು, ಅಷ್ಟೇ. ಹೊಗೆಯನ್ನು ನುಂಗುತ್ತಾರಂತೆ, ಹುಳ ತಿಂದ ಕೋಳಿಯ ಮೊಟ್ಟೆ ನುಂಗುವುದಿಲ್ಲವಂತೆ!

ಅತ್ತಿಗೆ ಕೈಕಟ್ಟಿ ಕೂರಲಿಲ್ಲ. ಅಣ್ಣ ಕೊಡವಿದ ನೊಣಗಳು ಎಲ್ಲಿಗೆ ಹೋಗಿರುತ್ತವೆ, ಇಲ್ಲೇ ಗಿಡದಲ್ಲಿರುತ್ತವೆ ಎಂದರು. ತೌಡು ನೆನೆಸಿ ಹುಳಿ ಬರಿಸಿ, ಬಕೆಟ್ಟಿನಲ್ಲಿ ಗೋಡೆಯ ನೆರಳಿಗಿಟ್ಟು, ನೊಣ ಮೊಟ್ಟೆಯಿಡಲೆಂದು ಮೇಲೆ ಸಂದಿಬಿಟ್ಟು ಕಟ್ಟಿದ ಮರದ ಪಟ್ಟಿ ಇಟ್ಟರು. ದಿನಾ ಹೋಗಿ ಪಟ್ಟಿಯನ್ನು ಬೆಳಕಿಗೆ ಹಿಡಿದು ನೋಡುವುದು, ಮತ್ತೆ ಇಡುವುದು. ಒಂದು ಮಧ್ಯಾಹ್ನ ಸಂದಿಯಲ್ಲಿ ರವೆಯಂಥ ಮೊಟ್ಟೆಗಳು ಕಂಡವು. ಅತ್ತಿಗೆ ಅದನ್ನು ಎತ್ತಿಕೊಂಡು ನೇರ ಮುಂದಿನ ಕೋಣೆಗೇ ಹೋದರು, ಕಾಲೂ ಒರೆಸದೆ. ಅಣ್ಣ ಅದನ್ನು ನೋಡಿದ, ಅವರ ಕಾಲನ್ನೂ ನೋಡಿದ. ಅಂದೇ ಬಲೆಯನ್ನು ತೆಗೆದು ಹಳೆಯ ಹೊಲಿಗೆಯ ಮೇಲೆ ಇನ್ನೊಂದು ಹೊಲಿಗೆ ಹಾಕಿಕೊಟ್ಟ.

ಹುಳ ದಪ್ಪವಾಗುತ್ತ ಬಂದಾಗ ಅತ್ತಿಗೆ ಒಂದು ನಿರ್ಧಾರ ಮಾಡಿದರು. ಟ್ರೇಗಳು ಇನ್ನು ಹಿತ್ತಿಲಲ್ಲಿ ಇರುವುದಿಲ್ಲ. ಮನೆಯ ಮುಂದೆ, ಗೇಟಿನ ಪಕ್ಕ, ಜನ ಓಡಾಡುವ ಕಡೆ ಇರುತ್ತವೆ.

"ಮುಂದೆನಾ? ಗಿರಾಕಿಗಳು ಬರ್ತಾರಲ್ಲೇ!" ಅಣ್ಣ ಬೆಚ್ಚಿಬಿದ್ದ.

"ಬರ್ಲಿ. ನೀವು ಅಳತೆ ತಗೊಳ್ಳೋವಾಗ ನೋಡ್ತಾ ನಿಂತಿರ್ತಾರೆ. ಬಚ್ಚಿಟ್ಟಿದ್ದಕ್ಕೇ ರೀ ಅದು ಗಲೀಜಾಗಿದ್ದು. ಟೀಚರ್ ಮೊದಲನೇ ದಿನದಿಂದ ನೋಡ್ತಾ ಬಂದಿದ್ರೆ ಅವತ್ತು ಯಾಕೆ ಕಿರುಚ್ತಿದ್ರು?"

ಅಣ್ಣ ಬಹಳ ಹೊತ್ತು ಕತ್ತರಿಯನ್ನು ಒರೆಸುತ್ತ ಕೂತ. ಆಮೇಲೆ ಎದ್ದು ಟ್ರೇಯ ಒಂದು ತುದಿ ಹಿಡಿದ. ಮುಖ ಆ ಕಡೆ ತಿರುಗಿಸಿಕೊಂಡೇ ಹಿಡಿದ, ಆದರೂ ಹಿಡಿದ. ಇನ್ನೊಂದು ತುದಿ ನಾನು.

ಗಿರಾಕಿಗಳಲ್ಲಿ ಕೆಲವರು ಬೇರೆ ದರ್ಜಿಯನ್ನು ಹುಡುಕಿಕೊಂಡರು. ಕೆಲವರು ನಿಂತು ನೋಡಿದರು. ಒಬ್ಬ ಅಜ್ಜ ಪ್ಯಾಂಟು ಗಿಡ್ಡ ಮಾಡಿಸಲು ಬಂದವನು ಕುರ್ಚಿ ಹಾಕಿಸಿಕೊಂಡು, ಹುಳ ಹಲಗೆ ಹತ್ತಿ ಬೀಳುವುದನ್ನು ಸಂಜೆಯವರೆಗೆ ನೋಡಿ, ಪ್ಯಾಂಟು ಕೊಡುವುದನ್ನೇ ಮರೆತು ಹೋದ.

ತಿಂಗಳ ಕೊನೆಯ ದಿನ ಅಧ್ಯಕ್ಷರು ಸಂಘದವರೊಂದಿಗೆ ಬಂದರು. ಹಿತ್ತಿಲಿಗೆ ಹೋಗಬೇಕಾಗಲಿಲ್ಲ, ಗೇಟಿನಲ್ಲೇ ತಡೆದು ನಿಂತರು. ಟ್ರೇ ತುಂಬ ಹುಳ. ಬೆಳಿಗ್ಗೆ ಹಾಕಿದ ಕುಂಬಳಕಾಯಿಯ ಹೋಳು ತನ್ನಷ್ಟಕ್ಕೆ ತಾನೇ ಅಲ್ಲಾಡುತ್ತಿತ್ತು.

"ಇದೇನು ಅಹಂಕಾರ? ಹಿಂದೆ ಬೇಡ ಅಂದ್ರೆ ಮುಂದೆ ತಂದಿಟ್ಟಿದೀರಾ? ತೆಗೀರಿ ಇದನ್ನ!"

ನನ್ನ ನಾಲಿಗೆಯ ತುದಿಗೆ ಬಂದಿತ್ತು. ಅತ್ತಿಗೆ ಕೈ ಅಡ್ಡ ಹಿಡಿದರು.

"ಗಲೀಜು ಅನ್ನಿಸಿದ್ರೆ ತೆಗೀತೀನಿ ಅಂತ ನಾನೇ ಹೇಳಿದ್ದೆ ಸಾರ್, ಮರೆತಿಲ್ಲ. ನಿಂತು ನೋಡಿ, ಕರವಸ್ತ್ರ ತೆಗೆದು ಮೂಸಿ. ವಾಸನೆ ಇದ್ರೆ ಈಗಲೇ ತೆಗೀತೀನಿ. ಇಲ್ಲಾಂದ್ರೆ ನಾನು ತೆಗೆಯಲ್ಲ. ತೆಗೀಲೇಬೇಕು ಅಂದ್ರೆ ನೀವೇ ಕೈ ಹಾಕಿ ತೆಗೀರಿ."

ಕರವಸ್ತ್ರ ಕೆಳಗಿಳಿಯಲಿಲ್ಲ. ಅಧ್ಯಕ್ಷರು ಸದಸ್ಯರತ್ತ ನೋಡಿದರು. ಸದಸ್ಯರು ಒಬ್ಬರ ಮುಖ ಒಬ್ಬರು ನೋಡಿದರು. ಟೀಚರ್ ಸೆರಗಿನೊಳಗೆ ಕೈ ಮುಚ್ಚಿಕೊಂಡರು. ಅಷ್ಟು ಜನ, ಅಷ್ಟು ಕೈ. ಟ್ರೇಯ ಅಂಚನ್ನು ಮುಟ್ಟಲು ಒಂದೂ ಮುಂದೆ ಬರಲಿಲ್ಲ. ಕೊನೆಗೆ ಅಧ್ಯಕ್ಷರಿಗೆ ಅಣ್ಣ ಕಂಡ. ಬಾಗಿಲಲ್ಲಿ, ಇಸ್ತ್ರಿ ಅಂಗಿಯಲ್ಲಿ, ಕೊರಳಿಗೆ ಅಳತೆಪಟ್ಟಿ ಹಾಕಿಕೊಂಡು ನಿಂತಿದ್ದ.

"ನೀವು ಮರ್ಯಾದಸ್ಥರು. ಹೆಂಗಸರ ಹತ್ತಿರ ನಮಗೆ ಮಾತು ಬೇಡ. ನೀವು ತೆಗೀರಿ."

ಅಣ್ಣ ಮೆಟ್ಟಿಲಿಳಿದು ಬಂದ. ತೋಳನ್ನು ಒಂದು ಮಡಿಕೆ ಮಡಚಿದ, ಅದರ ಮೇಲೆ ಇನ್ನೊಂದು ಮಡಿಕೆ, ಅಂಚಿಗೆ ಅಂಚು ಕೂಡಿಸಿ. ಮುಗಿಯಿತು ಅಂದುಕೊಂಡೆ ನಾನು. ಅಣ್ಣ ಟ್ರೇಯೊಳಗೆ ಮಣಿಕಟ್ಟಿನವರೆಗೂ ಕೈ ಹಾಕಿ, ಹಿಡಿ ತುಂಬ ಎತ್ತಿ, ಅಧ್ಯಕ್ಷರ ಎದೆಯ ಮುಂದೆ ಚಾಚಿದ.

"ತೆಗೆದಿದೀನಿ. ತಗೊಳ್ಳಿ."

ಬೆರಳ ಸಂದಿಯಿಂದ ಒಂದು ಹುಳ ಜಾರಿ ಅಧ್ಯಕ್ಷರ ಬೂಟಿನ ಮೇಲೆ ಬಿತ್ತು. ಅವರು ಹಾರಿದ ರಭಸಕ್ಕೆ ಹಿಂದೆ ನಿಂತವರೂ ಹಾರಿದರು. ಪೊಲೀಸು, ಕೋರ್ಟು ಎಂದೇನೋ ಕೂಗುತ್ತ ಗೇಟಿನಾಚೆಗೆ ಹೋದರು. ಹೋಗಲಿ, ಕೂಗಲಿ. ಅವರ ಕೂಗು ಬೀದಿಯ ತಿರುವು ದಾಟುವವರೆಗೂ ನಾನು ಗೇಟಿನಲ್ಲಿ ನಿಂತು ಬೈದೆ. ಅತ್ತಿಗೆ ತಡೆಯಲಿಲ್ಲ.

ತಿರುಗಿ ನೋಡಿದರೆ ಅಣ್ಣ ಕೈಚಾಚಿದ ಹಾಗೇ ನಿಂತಿದ್ದ. ಮುಷ್ಟಿಯೊಳಗೆ ಹುಳ ಮಿಜಿಮಿಜಿ ಅನ್ನುತ್ತಿರಬೇಕು, ಹಣೆಯೆಲ್ಲ ಬೆವರು.

"ಲೇ," ಎಂದ ಮೆಲ್ಲಗೆ, "ಇವು ಕಚ್ಚಲ್ಲ ತಾನೇ?"

"ಈಗ ಕೇಳ್ತಿದೀರಾ?" ಎಂದರು ಅತ್ತಿಗೆ. ಅವನ ಮಣಿಕಟ್ಟು ಹಿಡಿದುಕೊಂಡೇ ಕೋಳಿಗೂಡಿನವರೆಗೆ ನಡೆಸಿಕೊಂಡು ಹೋಗಿ, ಬೆರಳುಗಳನ್ನು ಒಂದೊಂದಾಗಿ ಬಿಡಿಸಿದರು.